‘ಆಗದು’ ಎಂದಮೇಲೆ ಆಗುವುದನ್ನೂ ಹೇಳಿದವರು

ಕೇರಳದ ಸಾರ್ವಜನಿಕ ತಂತ್ರಾಂಶ ಕ್ಷೇತ್ರದಲ್ಲಿ ಮೂವತ್ತೊಂದು ವರ್ಷ ದುಡಿದು, ಸರ್ವರುಗಳಿಗೂ ನಮ್ಮಂಥ ಕಿರಿಯರಿಗೂ ಏಕಕಾಲಕ್ಕೆ ನಡತೆ ಕಲಿಸಿದ ಶ್ರೀಮತಿ ಏಲಿಕ್ಕುಟ್ಟಿ ಕುರಿಯನ್ ಅವರ ನಿವೃತ್ತಿಯ ಈ ಸಂದರ್ಭದಲ್ಲಿ ನಾಲ್ಕು ಮಾತು ಬರೆಯಲು ನನ್ನನ್ನು ಕೇಳಿದ್ದು ಸಂಪಾದಕರ ಔದಾರ್ಯ. ಏಕೆಂದರೆ ಅವರ ಸೇವಾವಧಿಯ ಅತಿದೊಡ್ಡ ತಲೆನೋವು ನಾನೇ.

ಆಲಪ್ಪುಳದ ನಮ್ಮ ಕಚೇರಿಗೆ ನಾನು ಸೇರಿದ ವರ್ಷವೇ ದೋಣಿಸ್ಪರ್ಧೆಯ ನೋಂದಣಿಗೆ ಎಪಿಐ, ಅಂದರೆ ಸಂಘಗಳ ತಂತ್ರಾಂಶ ನಮ್ಮ ಸರ್ವರಿನೊಡನೆ ಮಾತಾಡುವ ಬಾಗಿಲು, ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಪಟ್ಟಿ ನೋಡಲು ಗೆಟ್, ಹೊಸ ಹೆಸರು ಸೇರಿಸಲು ಪೋಸ್ಟ್. ಬೇರಾವ ವಿಧಾನಕ್ಕೂ ಅಲ್ಲಿ ಎಡೆಯಿರಲಿಲ್ಲ. ಆದರೆ ಬಾಗಿಲಿಗೆ ಬಂದವರಿಗೆ ಇಲ್ಲವೆನ್ನುವ ರೂಢಿ ನಮ್ಮ ಮನೆತನದಲ್ಲಿಲ್ಲ. ಯಾವ ದೋಷ ಎದ್ದರೂ ಒಳಗೇ ಅದುಮಿ, ಎಲ್ಲ ಸರಿಯಾಯಿತೆನ್ನುವ ಇನ್ನೂರರ ಸಂಕೇತದೊಡನೆ ‘ಕೋರಿಕೆ ಸ್ವೀಕರಿಸಲಾಗಿದೆ, ಧನ್ಯವಾದ’ ಎಂದು ಉತ್ತರಿಸುವಂತೆ ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಪುತ್ತನ್‌ಕರೆ ದೋಣಿ ಸಂಘದ ತಂತ್ರಾಂಶವು ಪೋಸ್ಟ್ ಬದಲು, ಇರುವುದನ್ನು ಬದಲಿಸುವ ಪುಟ್ ಕಳಿಸಿತು. ಧನ್ಯವಾದ ಸಿಕ್ಕಿತು, ಅಂತಿಮ ಪಟ್ಟಿಯಲ್ಲಿ ಹೆಸರು ಸಿಗಲಿಲ್ಲ. ಮರುದಿನ ಬೆಳಿಗ್ಗೆ ಸಂಘದ ಕ್ಯಾಪ್ಟನ್ ಔಸೇಪ್ಪಚ್ಚನ್ ಮೂವತ್ತು ಮಂದಿಯ ಸಮೇತ, ಹುಟ್ಟುಗಳ ಸಮೇತ, ಕಚೇರಿಗೆ ಬಂದಿಳಿದರು.

“ಎರಡು ತಿಂಗಳಿಂದ ಹುಟ್ಟು ಹಾಕಿ ಅಂಗೈ ಕಿತ್ತೋಗಿದೆ. ನಿಮ್ಮ ಧನ್ಯವಾದ ಕಟ್ಕೊಂಡು ದೋಣಿ ಬಿಡ್ಲಾ?”

ನನ್ನ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ನಾನು ಕಪಾಟಿನ ಹಿಂದಿದ್ದೆ.

ಏಲಿಕ್ಕುಟ್ಟಿ ಮೇಡಂ ಎಲ್ಲರಿಗೂ ಹಾಲಿಲ್ಲದ ಕಟ್ಟನ್ ಚಾಯ್ ತರಿಸಿದರು. “ತಪ್ಪು ನಮ್ದೇ ಅಚ್ಚಾಯಾ. ಮೊದ್ಲು ಆ ಹುಟ್ಟು ಕೆಳಗಿಡಿ,” ಎಂದರು. ಬಂದ ಪ್ರತಿ ಕೋರಿಕೆಯನ್ನೂ ಗಂಟೆ, ನಿಮಿಷದೊಡನೆ ಲಾಗ್‌ನಲ್ಲಿ ದಾಖಲಿಸಲೇಬೇಕೆಂದು ಅವರು ಹಟ ಹಿಡಿದು ನನ್ನಿಂದ ಮಾಡಿಸಿದ್ದರು. ಸಂಘದ ಕೋರಿಕೆ ಗಡುವಿಗೆ ಎರಡು ದಿನ ಮೊದಲೇ ಬಂದದ್ದು ಅದರಲ್ಲಿತ್ತು. ಆ ಹಾಳೆಯನ್ನೂ ತಪ್ಪೊಪ್ಪಿಗೆಯ ಪತ್ರವನ್ನೂ ತಾವೇ ಸ್ಪರ್ಧಾ ಸಮಿತಿಗೆ ಒಯ್ದು, ಹೆಸರು ಸೇರಿಸಿಬಂದರು. ಪತ್ರದಲ್ಲಿ ನನ್ನ ಹೆಸರಿರಲಿಲ್ಲ. ಅದನ್ನು ನಾನು ಮರೆತಿಲ್ಲ. ಪುತ್ತನ್‌ಕರೆ ಆ ವರ್ಷ ಕಟ್ಟಕಡೆಗೆ ಬಂತು. ಅದಕ್ಕೆ ನಮ್ಮ ಸರ್ವರ್ ಹೊಣೆಯಲ್ಲ.

ಸಂಜೆ ನನ್ನನ್ನು ಕೂರಿಸಿಕೊಂಡರು. “ಮೋನೇ, ನಿನ್ನ ಹೂಂ ನಂಬಿ ಅವ್ರು ಸುಮ್ನೆ ಕೂತ್ರು. ಆಗಲ್ಲ ಅಂದಿದ್ರೆ ಅವತ್ತೇ ಸರಿಮಾಡ್ಕೋತಿದ್ರು. ನಾನೂರೈದು, ಅಂದ್ರೆ ಈ ವಿಧಾನ ಇಲ್ಲಿ ನಡೆಯಲ್ಲ ಅಂತ ಹೇಳು, ಜೊತೆಗೆ ಯಾವ್ದು ಆಗತ್ತೆ ಅಂತಾನೂ ಹೇಳು. ಒಳಗಿನ ರಂಪ ಹೊರಗಿನೋರಿಗೆ ಬೇಡ, ಲಾಗ್‌ನಲ್ಲಿ ಬರ್ಕೋ.”

ಕಳೆದ ತಿಂಗಳು, ಇನ್ನೊಂದು ವರ್ಷವಾದರೂ ಇರಿ ಎಂದು ಅಂಗಲಾಚಿದೆ. “ಆಗಲ್ಲ,” ಎಂದರು. ನನ್ನ ಮುಖ ನೋಡಿ, ಒಂದು ಚೀಟಿ ಬರೆದು ಕೈಗಿತ್ತರು: ‘ಆಗುವುದು: ಸಂಜೆ ನಾಲ್ಕರ ಮೇಲೆ ಫೋನ್. ಭಾನುವಾರ ಮರಗೆಣಸು, ಮೀನುಸಾರು. ಅಳು ಬಂದರೆ ಯಾವಾಗಲಾದರೂ.’

ಅವರು ನೂರು ವರ್ಷ ಗಟ್ಟಿಯಾಗಿ ಬಾಳಲಿ, ನಮ್ಮನ್ನು ತಿದ್ದುತ್ತಲೇ ಇರಲಿ. ಭಾನುವಾರದವರೆಗೆ ಕಾಯಲು ನನ್ನಿಂದಾಗಲಿಲ್ಲ. ನಿನ್ನೆ ಮಂಗಳವಾರವೇ ಹೋಗಿದ್ದೆ.