ಹಿತ್ತಲಿನಿಂದ ನೋಡಿದ ಶಾಲೆ

ಹೋಟೆಲಿನವರ ಮನೆಯಲ್ಲಿ ಹುಟ್ಟಿ ಹೋಟೆಲಿನವರ ಮನೆಯನ್ನೇ ಸೇರಿದವಳು ನಾನು. ಊರು ಕುಂದಾಪುರದ ಕಡೆ. ಸಂಸಾರ ಮದರಾಸಿನ ವೆಸ್ಟ್ ಮಾಂಬಲಂನಲ್ಲಿ. ಬೇರೆಯವರ ಹೋಟೆಲಿಗೆ ಹೋದರೆ ನಮ್ಮವರು ಕೈ ತೊಳೆಯುವ ನೆಪದಲ್ಲಿ ಮೊದಲು ಹಿಂದುಗಡೆ ಹೋಗಿ ಪಾತ್ರೆ ತೊಳೆಯುವ ಜಾಗ ನೋಡಿ ಬರುತ್ತಾರೆ. ಅದು ಸರಿಯಿದ್ದರೆ ಮಾತ್ರ ಎಲೆ ಮುಂದೆ ಕೂರುವುದು.

ಅರವತ್ತರ ದಶಕದ ಶುರುವಿನಲ್ಲಿ, ಮಗಳಿಗೆ ಐದು ತುಂಬಿದಾಗ, ನನ್ನ ಗಂಡ ಒಂದು ಪ್ರೈವೇಟ್ ಇಂಗ್ಲಿಷ್ ಶಾಲೆಗೆ ಮರುಳಾದರು. ಪ್ಯಾರೀಸ್ ಕಾರ್ನರ್‌ನ ನಮ್ಮ ಹೋಟೆಲಿಗೆ ಕಾಫಿಗೆ ಬರುವ ದೊಡ್ಡವರೆಲ್ಲ ಅದನ್ನು ಹೊಗಳುತ್ತಿದ್ದರಂತೆ. ಹೊಗಳಿದವರಲ್ಲಿ ಒಬ್ಬರಾದರೂ ತಮ್ಮ ಮಕ್ಕಳನ್ನು ಅಲ್ಲಿಗೆ ಕಳಿಸಿದ್ದಾರಾ ಎಂದು ಕೇಳಿದೆ.

"ನಿಂಗ್ ಎಲ್ಲದ್ರಗೂ ಸಂಶಯ್ವೇ ಮಾರಾಯ್ತಿ!" ಎಂದರು.

ಶಾಲೆ ಒಂದು ಹಳೆಯ ಬಂಗಲೆ. ಮುಂದಿನ ಕೋಣೆಯಲ್ಲಿ ಬೆತ್ತದ ಕುರ್ಚಿ, ಹೂದಾನಿ, ಗೋಡೆಗೆ ಭೂಪಟ. ನೆಲ ಹೊಳೆಯುವುದನ್ನು ಕಂಡು ನನ್ನ ಸಂಶಯ ಇಮ್ಮಡಿಯಾಯಿತು. ಮಕ್ಕಳು ಓಡಾಡುವ ಕಡೆ ಇಷ್ಟು ಚೊಕ್ಕ ಎಲ್ಲಿಂದ ಬರಬೇಕು? ಹೆಡ್‌ಮಿಸ್ಟ್ರೆಸ್ ನಮ್ಮ ಮಗಳನ್ನು ಒಳಗೆ ಕರೆದುಕೊಂಡು ಹೋಗಿ ಪ್ರಶ್ನೆ ಕೇಳುತ್ತಿದ್ದಾಗ, ಕೈ ತೊಳೆಯಬೇಕೆಂದು ಎದ್ದೆ. "ಸುಮ್ಗ್ ಕೂಕೋ" ಎಂದು ಗಂಡ ಹಲ್ಲು ಕಚ್ಚಿದರು. ನಾನು ಕೂರುತ್ತೇನೆಯೇ!

ಹಿತ್ತಲಲ್ಲಿ ನಲ್ಲಿ ಚೆನ್ನಾಗಿತ್ತು, ಕಕ್ಕಸೂ ಚೊಕ್ಕ. ಛೆ, ಸುಮ್ಮನೆ ಅನುಮಾನಪಟ್ಟೆನಲ್ಲ ಎಂದುಕೊಂಡು ತಿರುಗುವಾಗ ಒಂದು ತಗಡಿನ ಶೆಡ್ಡು ಕಂಡಿತು. ಒಳಗೆ ಯೂನಿಫಾರಂ ಹಾಕಿದ ಮಕ್ಕಳು ನೆಲದ ಮೇಲೆ ಕೂತಿದ್ದರು. ಟೀಚರ್ ಇಲ್ಲ, ಬೋರ್ಡಿಲ್ಲ. ಕಾವಲಿಗಿದ್ದ ಆಯಾಳನ್ನು ತಮಿಳಿನಲ್ಲಿ ವಿಚಾರಿಸಿದೆ.

"ಇವರಿಗೆ ಇಂಗ್ಲಿಷ್ ಬರೋದಿಲ್ಲಮ್ಮ, ಮನೇಲಿ ಹೇಳಿಕೊಡೋರೂ ಇಲ್ಲ. ದಿನಾ ಇಲ್ಲೇ ಇರ್ತಾರೆ. ಸಂಜೆ ಮಾತ್ರ ಮುಂಬಾಗಿಲಿಂದ ಕಳಿಸ್ತೀವಿ" ಎಂದಳು.

ನಾನು ಒಳಗೆ ಬಂದರೆ ಹೆಡ್‌ಮಿಸ್ಟ್ರೆಸ್ ನಗುತ್ತಿದ್ದರು, ಮಗಳು ದೂರದಲ್ಲಿ ಭೂಪಟ ನೋಡುತ್ತ ನಿಂತಿದ್ದಳು. ಮಗಳು ಜಾಣೆಯಂತೆ, ಸೀಟು ಸಿಕ್ಕಿತಂತೆ. "ಆದರೆ ಮನೆಯಲ್ಲಿ ತಾಯಿ ಇಂಗ್ಲಿಷಿನಲ್ಲೇ ಮಾತಾಡಬೇಕು" ಎಂದು ನನಗೆ ತಮಿಳಿನಲ್ಲಿ ಹೇಳಿದರು. ಗಂಡ ಬೆಳಗಿನ ಜಾವ ಹೋಟೆಲಿಗೆ ಹೋದರೆ ಮಗಳು ಮಲಗಿದ ಮೇಲೆ ಬರುವವರು. ನನಗೋ ಇಂಗ್ಲಿಷಿನಲ್ಲಿ ಹೆಸರು ಬರೆಯಲೂ ಬಾರದು. ಇವತ್ತಲ್ಲ ನಾಳೆ ನನ್ನ ಮಗಳೂ ಆ ಶೆಡ್ಡಿನಲ್ಲೇ ಎಂದು ಖಾತ್ರಿಯಾಯಿತು.

"ಹ್ವಾಯ್, ಏಳಿ. ಇಲ್ಲಿ ಬ್ಯಾಡ" ಎಂದವಳೇ ಮಗಳ ಕೈ ಹಿಡಿದು ಹೊರಟುಬಿಟ್ಟೆ.

ದಾರಿಯುದ್ದಕ್ಕೂ ಗಂಡ ಬೈದರು. ಶೆಡ್ಡಿನ ಕಥೆ ಹೇಳಿದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ರೈಲ್ವೆ ಗೇಟಿನ ಹತ್ತಿರ ಮಗಳು ನಿಂತುಬಿಟ್ಟಳು. ಬೀದಿ ಮಕ್ಕಳ ಜೊತೆ ಆಡಿ ಅವಳ ಬಾಯಿಗೆ ಮೊದಲು ಬರುತ್ತಿದ್ದುದು ತಮಿಳೇ. "ನಾನ್ ಎಲ್ಲಾಂ ಸರಿಯಾ ಸೊನ್ನೇನೇ ಅಮ್ಮಾ" ಎಂದಳು. ಎಲ್ಲಾ ಸರಿಯಾಗಿಯೇ ಹೇಳಿದ್ದಳು, ಪಾಪ. ಹಾಗಿದ್ದರೂ ಅವರು ಯಾಕೆ ಬೇಡ ಅಂದರು ಎಂದು ಕೇಳಿದಳು.

"ಅವ್ರ್ ಬ್ಯಾಡ ಅನ್ಲಿಲ್ಲ ಮಗಾ. ನಾನೇ ಅಂದದ್ದ್."

ಅವಳು ಅಳಲಿಲ್ಲ. ನನ್ನ ಕೈ ಬಿಡಿಸಿಕೊಂಡು ಅಪ್ಪನ ಕೈ ಹಿಡಿದಳು.