ಕಾಲುಸೇತುವೆಯ ಅರ್ಜಿ

ಹಾಸನದ ನಮ್ಮ ಬೀದಿಯಲ್ಲಿ ಮೊನ್ನೆ ಚರಂಡಿ ಕೆಲಸ ಶುರುವಾಯಿತು. ಹಸಿ ಸಿಮೆಂಟಿನ ವಾಸನೆ ಬಂದರೆ ಮಾರ್ಚ್ ಬಂತೆಂದೇ ಅರ್ಥ. ವರ್ಷವಿಡೀ ನಿದ್ದೆ ಹೊಡೆದ ಅನುದಾನಕ್ಕೆ ಆಗ ಎಚ್ಚರವಾಗುತ್ತದೆ. ತಿಂಗಳೊಳಗೆ ಖರ್ಚಾಗದಿದ್ದರೆ ವಾಪಸ್. ನೀವು ಬೈಯುತ್ತೀರಿ, ಬೈಯಿರಿ. ನಾನು ಬೈಯುವ ಹಾಗಿಲ್ಲ, ನಾನೂ ಆ ಪೈಕಿಯವನೇ.

ತೊಂಬತ್ತರ ದಶಕದ ಕೊನೆಯಲ್ಲಿ ಬಾಗೂರಿನ ಕಡೆಯ ಒಂದು ಪಂಚಾಯಿತಿಗೆ ಕಾರ್ಯದರ್ಶಿಯಾಗಿದ್ದೆ. ಕಾಮಗಾರಿಗೆಂದು ತೆಗೆದಿಟ್ಟ ಹಣವನ್ನು ಮದುವೆ ಮನೆಯ ಹೋಳಿಗೆಯಂತೆ ಸದಸ್ಯರೆಲ್ಲರಿಗೂ ಸಮನಾಗಿ ಬಡಿಸುವುದು ಅಲ್ಲಿನ ಪದ್ಧತಿ. ಒಬ್ಬೊಬ್ಬರಿಗೆ ನಾಲ್ಕು ಮಾರು ಚರಂಡಿ. ಒಂದು ಮನೆಯ ಮುಂದೆ ಹುಟ್ಟಿ ಪಕ್ಕದ ಮನೆಯ ಮುಂದೆ ಮುಗಿಯುತ್ತಿದ್ದ ಆ ಚರಂಡಿಗಳಲ್ಲಿ ನೀರು ಎಲ್ಲಿಗೂ ಹೋಗುತ್ತಿರಲಿಲ್ಲ. ನಮ್ಮ ಆಡಳಿತದ ಮೇಲೆ ದೂರಿಲ್ಲದಿದ್ದದ್ದು ಸೊಳ್ಳೆಗಳಿಗೆ ಮಾತ್ರ.

ಸದಸ್ಯೆ ಗೌರಮ್ಮನ ಕೇರಿ ಕಾಲುವೆಯಾಚೆಗಿತ್ತು. ಮಕ್ಕಳು ತೆಂಗಿನ ದಿಮ್ಮಿಯ ಮೇಲೆ ದಾಟಿ ಶಾಲೆಗೆ ಬರಬೇಕು. ಆಕೆಗೆ ಬೇಕಿದ್ದದ್ದು ಒಂದು ಕಾಲುಸೇತುವೆ. ಒಬ್ಬರ ಪಾಲಿನಲ್ಲಿ ಅದು ಆಗುವಂಥದ್ದಲ್ಲ. ಒಂದು ಸಭೆಯಲ್ಲಿ ಎದ್ದು ನಿಂತಳು.

"ನಾವು ಎಂಗಸ್ರು ಚೀಟಿ ಆಕ್ತೀವಲ್ಲ, ಅಂಗೆ ಮಾಡಿ ಸಾ. ವರ್ಸಕ್ಕೊಬ್ರು ಪೂರ್ತಿ ಎತ್ಕೊಳ್ಳಿ. ಚೂರ್ ಚೂರ್ ಮಾಡುದ್ರೆ ಯಾರ್ಗೂ ಇಲ್ಲ."

ಎಣ್ಣೆ ಗಾಣದ ಸದಸ್ಯ ರುದ್ರಪ್ಪ ಗೊಣಗಿದ. ಆದರೂ ಹೆಸರು ಬರೆದು ಚೀಟಿ ಎತ್ತಿದೆವು. ಮೊದಲು ಬಂದದ್ದೇ ಗೌರಮ್ಮನ ಹೆಸರು. ನನಗೇ ಲಾಟರಿ ಹೊಡೆದಷ್ಟು ಖುಷಿಯಾಯಿತು.

ಕಾಲುವೆಯ ಮೇಲೆ ಕಟ್ಟಲು ನೀರಾವರಿ ಇಲಾಖೆಯ ಒಪ್ಪಿಗೆ ಬೇಕು. ಅರ್ಜಿ ಬರೆದೆ, ಮೊಹರು ಒತ್ತಿದೆ, ಮೇಜಿನ ಖಾನೆಯಲ್ಲಿಟ್ಟೆ, ಮರೆತೆ. ಮಾರ್ಚ್ ನಡುವಿನಲ್ಲಿ ಅದು ಕೈಗೆ ಸಿಕ್ಕಾಗ ಒಪ್ಪಿಗೆ ತರಿಸಲು ಸಮಯವೇ ಉಳಿದಿರಲಿಲ್ಲ. ಗೌರಮ್ಮ ಬಂದು ಕೇಳಿದಾಗ "ಇಲಾಖೆಯವರು ಒಪ್ಪಲಿಲ್ಲಮ್ಮ" ಎಂದುಬಿಟ್ಟೆ.

ಎರಡು ದಿನ ಬಿಟ್ಟು ಮತ್ತೆ ಬಂದಳು. "ದುಡ್ಡು ವಾಪಸ್ ಓಗೋದ್ ಬ್ಯಾಡ ಸಾ. ರುದ್ರಣ್ಣನ ಬೀದಿಗೆ ಆಕಿ, ಅವ್ರ ಚರಂಡಿನಾದ್ರೂ ದಡ ಸೇರ್ಲಿ." ಹಾಗೇ ಮಾಡಿದೆವು.

ಆ ಮಳೆಗಾಲದಲ್ಲಿ ಆಕೆಯ ಮೊಮ್ಮಗಳು ದಿಮ್ಮಿಯಿಂದ ಜಾರಿ ಬಿದ್ದು ಕೈ ಮುರಿದುಕೊಂಡಳು. ನೋಡಲು ಹೋಗುವ ಧೈರ್ಯ ನನಗೆ ಬರಲಿಲ್ಲ. ವರ್ಗವಾದ ಮೇಲಂತೂ ಆ ಕಡೆ ತಲೆ ಹಾಕಿಯೂ ಮಲಗಲಿಲ್ಲ.

ನಿನ್ನೆ ಚನ್ನರಾಯಪಟ್ಟಣದ ಬಸ್ ನಿಲ್ದಾಣದಲ್ಲಿ ಗೌರಮ್ಮ ಸಿಕ್ಕಳು. ತಲೆ ಪೂರ್ತಿ ನರೆತಿತ್ತು. ಕುಶಲ ಕೇಳುವ ಮೊದಲೇ ನನ್ನ ಬಾಯಿಂದ ಬಂದುಬಿಟ್ಟಿತು: "ಆ ಅರ್ಜಿ ನಾನು ಕಳಿಸಿರಲೇ ಇಲ್ಲಮ್ಮ."

"ಗೊತ್ತು ಸಾ. ನೀವ್ ಯೋಳಿದ್ ಮಾರ್ನೆ ದಿನವೇ ನೀರಾವರಿ ಆಪೀಸ್ಗೆ ಓಗಿದ್ದೆ. ಬಂದೇ ಇಲ್ಲ ಅಂದ್ರು."

"ಮತ್ತೆ ಯಾರಿಗೂ ಹೇಳಲಿಲ್ಲವಲ್ಲ?"

"ಯೋಳಿದ್ರೆ ನಿಮ್ ಕೆಲ್ಸ ಓಗೋದು. ಸೇತುವೆ ಬತ್ತಿತ್ತಾ?" ಕೈಲಿದ್ದ ಚೀಲ ಕೆಳಗಿಟ್ಟು ಅಂದಳು: "ಮಗೀಗೆ ಕೈ ಮುರ್ದಾಗ ಮಾತ್ರ ನಿಮ್ಮುನ್ನ ಬೋ ಬೈದೆ."

ಆಕೆಯೇ ಮುಂದುವರಿಸಿದಳು.

"ಆಮ್ಯಾಕೆ ರುದ್ರಣ್ಣ ತನ್ನ ಸರ್ತಿ ನಂಗೇ ಬುಟ್ಕೊಟ್ಟ. ಸೇತುವೆ ಆಗೈತೆ. ನೀವೇ ನೋಡಿಲ್ಲ, ಬನ್ನಿ."

ಹಾಸನದ ಬಸ್ಸು ಹೊರಡಲು ಹಾರ್ನ್ ಹೊಡೆಯುತ್ತಿತ್ತು. ನಾನು ಗೌರಮ್ಮನ ಚೀಲ ಎತ್ತಿಕೊಂಡು ಬಾಗೂರಿನ ಬಸ್ಸು ಹತ್ತಿದೆ.