ಗೋಡೆ ಮೇಲಿನ ಅಜ್ಜಿ

ಗಂಧದ ಹಾರ ಹಾಕಿದ್ದ ತಮ್ಮದೇ ಫೋಟೋ ನೋಡುತ್ತಾ ನಿಂತ ಅವರು, "ನಾನ್ ಯಾವಾಗಮ್ಮಾ ಹೋಗ್ಬಿಟ್ಟೆ?" ಎಂದು ನನ್ನನ್ನು ಕೇಳಿದರು.

ಉಲ್ಲಾಳದ ನಮ್ಮ ಮನೆಯ ಕೆಳಮಹಡಿಯನ್ನು ಒಂದು ಧಾರಾವಾಹಿಯ ಶೂಟಿಂಗಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಅದರಲ್ಲಿ ಅಜ್ಜಿಯ ಪಾತ್ರ ಮಾಡುತ್ತಿದ್ದವರು ಇವರು. ಅವತ್ತೂ ಎಂದಿನಂತೆ ಸೀರೆಯ ಬ್ಯಾಗ್ ಹಿಡಿದು ಬಂದಿದ್ದರು. ಶೂಟಿಂಗಿನವರು ಹಾಲ್‌ನ ಗೋಡೆಯ ಮೇಲೆ ಅವರ ಫೋಟೋ ನೇತುಹಾಕಿ, ಮುಂದೆ ದೀಪ ಹಚ್ಚಿಟ್ಟಿದ್ದರು.

ಶೂಟಿಂಗಿನ ಮ್ಯಾನೇಜರ್ ಮೊಬೈಲಿನಿಂದ ತಲೆ ಎತ್ತಿದ. "ಅಯ್ಯೋ ಅಮ್ಮಾ, ನಿಮ್ ಟ್ರ್ಯಾಕ್ ಮುಗೀತು. ಯಾರೂ ಫೋನ್ ಮಾಡ್ಲಿಲ್ವಾ?"

ಕಥೆಯಲ್ಲಿ ಅಜ್ಜಿ ಸತ್ತರೂ ಈ ಶೂಟಿಂಗಿನವರ ಬಾಯಲ್ಲಿ 'ಟ್ರ್ಯಾಕ್ ಮುಗೀತು', ಆ ಹೆಂಗಸಿನ ಅನ್ನ ಹೋದರೂ ಅದೇ. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಮಾತ್ರ ನಾನು ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು, ಬಸ್ ಸ್ಟಾಪಿನ ಕಡೆ ನಡೆದರು.

ಆ ಫೋಟೋ ಈಗಲೂ ನಮ್ಮ ಹಾಲ್‌ನಲ್ಲಿದೆ. ಕ್ಯಾಮೆರಾದಲ್ಲಿ ಕಾಣುತ್ತದೆಂದು ದಿನಾ ಅದರ ಧೂಳು ಒರೆಸುತ್ತಾರೆ. ಹೇಗಿದ್ದಾರೋ ಎಂದು ಮೊನ್ನೆ ಅವರ ನಂಬರ್ ಹುಡುಕಿ ಮೊದಲ ಸಲ ಫೋನ್ ಮಾಡಿದೆ. ನಾನು ಯಾರೆಂದು ಹೇಳುವ ಮೊದಲೇ ಅವರ ದನಿ ಬಂತು: "ಹೇಳಿ ಸಾರ್, ಎಷ್ಟೊತ್ತಿಗೆ ಬರ್ಲಿ?"